ಬಾಣಂತಿ ನೀರಿಗೆ ಸಾವಿರದೈನೂರು ವಾಟ್

ಮಾರ್ಚ್ 2, ಶನಿವಾರ

ಪೂವಮ್ಮನ ಬಲಗೈ ಮಣಿಕಟ್ಟು ಮುರಿದಿದೆ. ನಿನ್ನೆ ಹಿತ್ತಿಲಲ್ಲಿ ಕೆಂಪುಕಲ್ಲು ಹೊತ್ತುಕೊಂಡು ಬರುವಾಗ ಕಾಲು ಜಾರಿತು. ಕಲ್ಲು ಒಂದು ಕಡೆ, ಇವಳು ಒಂದು ಕಡೆ. ನಾನು ಜಗಲಿಯಲ್ಲಿ ಪೇಪರು ಓದುತ್ತಿದ್ದೆ. ಕಲ್ಲು ನಾನೇ ತರುತ್ತೇನೆ, ಸಂಜೆಯಾಗಲಿ ಎಂದಿದ್ದೆ. ನನ್ನ ಸಂಜೆಗಳು ಹೇಗಿರುತ್ತವೆಂದು ಅವಳಿಗೆ ಗೊತ್ತು, ಕಾಯಲಿಲ್ಲ.

ಕಲ್ಲು ಒಲೆಗೆ. ಈ ಮನೆಯಲ್ಲಿ ಬಚ್ಚಲ ಒಲೆ ಇಲ್ಲ. ನಿವೃತ್ತನಾದ ಮೇಲೆ ಸುಳ್ಯ ಪೇಟೆ ದಾಟಿ ಐದು ಸೆಂಟ್ಸ್ ಜಾಗದಲ್ಲಿ ಕಟ್ಟಿಸಿದ ತಾರಸಿ ಮನೆ. ಗಂಡ ಹೆಂಡತಿ ಇಬ್ಬರಿಗೆ ಗ್ಯಾಸಿನ ಮೇಲೆ ಒಂದು ಪಾತ್ರೆ ನೀರು ಕಾಯಿಸಿದರೆ ಸಾಕಾಗುತ್ತಿತ್ತು. ಆದರೆ ಮಗಳು ಭವಿತಾಳಿಗೆ ಇದೇ ತಿಂಗಳು ದಿನ ತುಂಬುತ್ತದೆ. ಚೊಚ್ಚಲ, ಬಾಣಂತನ ತವರಿನಲ್ಲಿ. ಬಾಣಂತಿಗೆ ದಿನಾ ಹಂಡೆ ತುಂಬ ನೀರು ಬೇಕು, ಅದೂ ಹಬೆ ಏಳುವಂಥದ್ದು. ಮಂಡೆಕೋಲಿನ ತವರಿನಿಂದ ಪೂವಮ್ಮ ತನ್ನ ಅಮ್ಮನ ತಾಮ್ರದ ಹಂಡೆಯನ್ನು ತರಿಸಿ ಹುಣಸೆಹಣ್ಣು ಹಾಕಿ ತಿಕ್ಕಿಯೂ ಇಟ್ಟಿದ್ದಾಳೆ.

ಪ್ಲಾಸ್ಟರು ಆರು ವಾರ ಇರಬೇಕಂತೆ. ಆಸ್ಪತ್ರೆಯಿಂದ ಬರುವಾಗ ಅತ್ತಳು. ನೋವಾ ಎಂದು ಕೇಳಿದೆ.

"ನೋವು ಸಾಯಲಿ ಮಾರಾಯ್ರೆ. ಮಗಳನ್ನು ಯಾರು ಮೀಯಿಸುದು?"

ಭವಿತಾ ಹುಟ್ಟಿದಾಗ ಪೂವಮ್ಮನ ಅಮ್ಮ ಬದುಕಿರಲಿಲ್ಲ. ಯಾರ್ಯಾರೋ ಬಂದು ಯಾವ್ಯಾವುದೋ ಹೊತ್ತಿಗೆ ನೀರು ಹೊಯ್ದು ಹೋದರು. ಈ ಮಗುವಿಗೆ ಮಗುವಾಗುವಾಗ ತನ್ನ ಕೈಯಿಂದಲೇ ಮೀಯಿಸಬೇಕೆಂದು ಅವತ್ತೇ ನಿಶ್ಚಯ ಮಾಡಿಕೊಂಡಿದ್ದಳಂತೆ. ಇಷ್ಟು ವರ್ಷ ನನಗೆ ಹೇಳಿರಲಿಲ್ಲ. ಹೇಳುವಂಥದ್ದು ಅಂತ ಅವಳಿಗೆ ಅನಿಸಿರಲಿಕ್ಕಿಲ್ಲ.

ಸಂಜೆ ಕೋಡಿಂಬಾಳದಿಂದ ಭವಿತಾಳ ಅತ್ತೆ ಕುಸುಮಾವತಿ ಅಕ್ಕನ ಫೋನು. ಹೆರಿಗೆ ಆದ ಮೇಲೆ ಅಲ್ಲಿಗೇ ಕರೆದುಕೊಂಡು ಹೋಗುತ್ತಾರಂತೆ. ಹಂಡೆ, ಸೌದೆ, ಆಳು ಎಲ್ಲ ಉಂಟಂತೆ. ಪೂವಮ್ಮ ಎಡಗೈಯಲ್ಲಿ ಫೋನು ಹಿಡಿದುಕೊಂಡು ನನ್ನ ಮುಖ ನೋಡಿದಳು. ನಾನು ಫೋನು ಕಿತ್ತುಕೊಂಡು, "ಬೇಡ ಅಕ್ಕ, ಇಲ್ಲಿ ನಾನು ಇದ್ದೇನಲ್ಲ" ಎಂದೆ. ಆಚೆ ಕಡೆಯಿಂದ, ನೀವಾ ಎಂದು ಕೇಳಿದರು. ಈಚೆ ಕಡೆಯಿಂದ ಪೂವಮ್ಮನೂ.

(ಮನೆಯಲ್ಲಿ ನಾವು ಆಡುವುದು ಅರೆಭಾಷೆ. ಡೈರಿಗೆ ಬರುವಾಗ ಎಲ್ಲರ ಮಾತೂ ಅರ್ಧ ಶಾಲೆಯ ಕನ್ನಡ ಆಗಿಬಿಡುತ್ತದೆ. ಮಾಸ್ಟ್ರಾಗಿದ್ದವನ ಕರ್ಮ.)

ಮಾರ್ಚ್ 4, ಸೋಮವಾರ

ಒಲೆ ಬೇಡವೆಂದು ತೀರ್ಮಾನಿಸಿದೆ. ಬೆಂಕಿ ಹಿಡಿಸಲು ನನಗೆ ಬರುವುದಿಲ್ಲ, ಪೂವಮ್ಮನಿಗೆ ಆಗುವುದಿಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವನ ಮನೆಯಲ್ಲಿ ನೀರು ವಿದ್ಯುತ್ತಿನಿಂದ ಕಾಯಲಿ.

ಪೇಟೆಯಲ್ಲಿ ರಮೀಝ್‌ನ ಅಂಗಡಿಯಿಂದ ನೀರು ಕಾಯಿಸುವ ರಾಡು ತಂದೆ. ರಮೀಝ್ ನನ್ನ ಹಳೆಯ ವಿದ್ಯಾರ್ಥಿ. ಈಗಲೂ ನನ್ನನ್ನು ಕಂಡರೆ ಕೈಯಲ್ಲಿದ್ದ ಮೊಬೈಲನ್ನು ಬೆನ್ನ ಹಿಂದೆ ಅಡಗಿಸುತ್ತಾನೆ. ರಾಡಿನ ಮೇಲೆ 1500 ವಾಟ್, 230 ವೋಲ್ಟ್ ಎಂದು ಬರೆದಿದೆ. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಕರೆಂಟು: ಆರೂವರೆ ಆಂಪಿಯರ್. ವೋಲ್ಟನ್ನು ಆ ಕರೆಂಟಿನಿಂದ ಭಾಗಿಸಿದರೆ ರಾಡಿನ ರೋಧ: ಮೂವತ್ತೈದು ಓಮ್, ಚಿಲ್ಲರೆ. ಹಂಡೆಗೆ ನಲವತ್ತು ಲೀಟರು ನೀರು. ಇಪ್ಪತ್ತೆಂಟು ಡಿಗ್ರಿಯಿಂದ ಅರವತ್ತಕ್ಕೆ ಏರಲು ಸರಿಯಾಗಿ ಒಂದು ಗಂಟೆ.

ಲೆಕ್ಕವನ್ನು ಪೂವಮ್ಮನಿಗೆ ಓದಿ ಹೇಳಿದೆ. ಕೇಳಿಸಿಕೊಂಡಳು.

"ಅದರಲ್ಲಿ ನನ್ನ ಕೈ ಎಲ್ಲಿ ಬಂತು?" ಎಂದಳು.

ಕೈಯ ಅಗತ್ಯವೇ ಇಲ್ಲ, ಅದೇ ಇದರ ಅನುಕೂಲ ಎಂದು ವಿವರಿಸಿದೆ.

ಮಾರ್ಚ್ 11, ಸೋಮವಾರ. ಪುತ್ತೂರು

ಹೆಣ್ಣು. ಬೆಳಿಗ್ಗೆ. ತಾಯಿ ಮಗು ಇಬ್ಬರೂ ಕ್ಷೇಮ. ಅಳಿಯ ರೂಪೇಶ್ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಚಿಕ್ಕ ಹುಡುಗನ ಹಾಗೆ ಅತ್ತ. ನರ್ಸು ಮಗುವನ್ನು ನನ್ನ ಕಡೆ ಚಾಚಿದಳು. ಕೈ ತೊಳೆದಿಲ್ಲ ಎಂದು ಸುಳ್ಳು ಹೇಳಿ ಹಿಂದೆ ಸರಿದೆ. ಅಷ್ಟು ಸಣ್ಣದನ್ನು ಹಿಡಿಯುವುದು ಹೇಗೆಂದು ನನಗೆ ಮರೆತೇ ಹೋಗಿದೆ. ಭವಿತಾಳನ್ನಾದರೂ ಹಿಡಿದಿದ್ದೆನೋ ಇಲ್ಲವೋ.

ಮಾರ್ಚ್ 15, ಶುಕ್ರವಾರ

ನಿನ್ನೆ ಮನೆಗೆ ಬಂದರು. ಇವತ್ತು ಮೊದಲ ಸ್ನಾನ.

ಎಣ್ಣೆ ಹಚ್ಚಿ ಮೀಯಿಸಲು ಚೆನ್ನು ಬಂದಿದ್ದಳು. ಈ ಕಡೆಯ ಅರ್ಧ ಮಕ್ಕಳ ಮೂಗನ್ನು ತಾನೇ ನೇರ ಮಾಡಿದ್ದು ಎಂದು ಹೇಳಿಕೊಳ್ಳುವ ಹೆಂಗಸು. ನಾನು ಏಳು ಗಂಟೆಗೆ ರಾಡು ಹಾಕಿದೆ. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೆಯೇ ಯಾರಾದರೂ ಹಂಡೆ ಮುಟ್ಟತಕ್ಕದ್ದು ಎಂದು ಮೂರು ಸಲ ಕೂಗಿ ಹೇಳಿದೆ. ಎಂಟಕ್ಕೆ ಪ್ಲಗ್ ಕಿತ್ತೆ. ಚೆನ್ನು ಹಂಡೆಗೆ ಕೈ ಅದ್ದಿ ಅಲ್ಲೇ ನಿಂತಳು.

"ಎಂತ ಮಾಸ್ಟ್ರೆ ಇದು? ಈ ನೀರಲ್ಲಿ ನಾನು ಬಟ್ಟೆ ಸಹ ಒಗಿಯುದಿಲ್ಲ."

ಉಗುರು ಬೆಚ್ಚಗೆ ಎನ್ನುತ್ತಾರಲ್ಲ, ಅಷ್ಟೇ. ಇನ್ನೂ ಸ್ವಲ್ಪ ಹೊತ್ತು ಇಟ್ಟೆ. ಅಷ್ಟರಲ್ಲಿ ಎಣ್ಣೆ ಹಚ್ಚಿಕೊಂಡು ಕುಳಿತ ಭವಿತಾ ಸೀನಲು ಶುರು ಮಾಡಿದಳು, ಮಗು ಹಸಿದು ಕಿರುಚಿತು, ಕೊನೆಗೆ ಅದೇ ನೀರಿನಲ್ಲಿ ಹೇಗೋ ಮುಗಿಸಿದರು. ಪೂವಮ್ಮ ಬಚ್ಚಲ ಹೊರಗೆ ಕುರ್ಚಿಯಲ್ಲಿ ಕುಳಿತಿದ್ದಳು, ಕತ್ತಿಗೆ ಕಟ್ಟಿದ ಕೈಯನ್ನು ಎದೆಗೊತ್ತಿಕೊಂಡು. ನನಗೆ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಮಾರ್ಚ್ 16, ಶನಿವಾರ

ರಮೀಝ್‌ನ ಅಂಗಡಿಗೆ ಹೋಗಿ ಗಿರಾಕಿಗಳ ಎದುರೇ, ಡೂಪ್ಲಿಕೇಟ್ ಮಾಲು ಮಾರ್ತೀಯಾ ಎಂದು ಗದರಿಸಿದೆ. ಪಾಪ, ತಲೆ ತಗ್ಗಿಸಿ ಬೇರೆ ಕಂಪೆನಿಯ ಹೊಸ ರಾಡು ಕೊಟ್ಟ. ಮನೆಗೆ ತಂದು ಹಾಕಿದೆ. ಅದೇ ಒಂದು ಗಂಟೆ, ಅದೇ ಉಗುರು ಬೆಚ್ಚಗೆ.

ಭವಿತಾಳ ಮೂಗು ಕಟ್ಟಿದೆ.

ಮಾರ್ಚ್ 17, ಭಾನುವಾರ

ಇವತ್ತೇ ಬರಬೇಕಾ ಕುಸುಮಾವತಿ ಅಕ್ಕ? ರೂಪೇಶನೊಟ್ಟಿಗೆ ಕಾರಿನಲ್ಲಿ, ಒಂದು ಗೊನೆ ಬಾಳೆಕಾಯಿ, ಒಂದು ಬಾಟಲಿ ತುಪ್ಪ, ಬಾಣಂತಿ ಲೇಹ್ಯ. ಕಾಲು ತೊಳೆದು ಒಳಗೆ ಬಂದು ಮಗುವಿನ ಮುಖ ನೋಡಿ ಕಣ್ಣು ತುಂಬಿಕೊಂಡರು. ಆಗಲೇ ಭವಿತಾ ಸೀನಿದ್ದು. ಒಂದಲ್ಲ, ಸಾಲಾಗಿ ಐದಾರು.

ಅಕ್ಕ ಜಗಳದ ಹೆಂಗಸಲ್ಲ. ಮೆತ್ತಗೆ ವಿಚಾರಿಸಿದರು. ಚೆನ್ನು ಮೆತ್ತಗೆ ಹೇಳುವವಳಲ್ಲ. ನೀರಿನ ಸಂಗತಿಯೆಲ್ಲ ಹೊರಗೆ ಬಂತು.

"ಮಾಸ್ಟ್ರೆ, ನೀವು ಬೇಜಾರು ಮಾಡ್ಬೇಡಿ. ಪೂವಮ್ಮನಿಗೆ ಕೈ ಆಗುದಿಲ್ಲ, ಇಲ್ಲಿ ಒಲೆ ಇಲ್ಲ. ಬಾಣಂತಿಗೆ ಈಗ ಶೀತ ಹಿಡಿದ್ರೆ ಜನ್ಮ ಇಡೀ ಬಿಡುದಿಲ್ಲ. ಮುಂದಿನ ಆಯಿತವಾರ ಬರ್ತೇನೆ. ಅಷ್ಟರಲ್ಲಿ ಸರಿ ಆಗದಿದ್ರೆ ಇಬ್ಬರನ್ನೂ ಕರ್ಕೊಂಡು ಹೋಗ್ತೇನೆ."

ಕಾರು ಹೋದ ಮೇಲೆ ಪೂವಮ್ಮ ತುಪ್ಪದ ಬಾಟಲಿಯನ್ನು ಎಡಗೈಯಲ್ಲಿ ಎತ್ತಿ ಕಪಾಟಿನೊಳಗೆ ಇಟ್ಟು, ಬಾಗಿಲು ಹಾಕಿ, ಮತ್ತೆ ಅದನ್ನೇ ತೆಗೆದು ಹಾಕಿ ಮಾಡುತ್ತಿದ್ದಳು. ಇವಳ ಆಸೆ ಒಂದು ವಾರದಲ್ಲಿ ಕೋಡಿಂಬಾಳದ ದಾರಿ ಹಿಡಿಯುತ್ತದೆ. ನಾನು ಇರುವಾಗ. ನನ್ನ ಲೆಕ್ಕ ಸರಿ ಇರುವಾಗ.

ಮಾರ್ಚ್ 18, ಸೋಮವಾರ

ಲೆಕ್ಕ ಸರಿ ಇರಲಿಲ್ಲ.

ರಮೀಝ್‌ನ ಹತ್ತಿರ ಕರೆಂಟು ಅಳೆಯುವ ಮೀಟರು ನಿನ್ನೆ ಸಂಜೆಯೇ ಕೇಳಿದ್ದೆ. ವಯರಿಗೆ ಇಕ್ಕಳದ ಹಾಗೆ ಕಚ್ಚಿಸಿದರೆ ಆಂಪಿಯರ್ ತೋರಿಸುತ್ತದೆ, ಕಡ್ಡಿ ಚುಚ್ಚಿದರೆ ವೋಲ್ಟ್. ಮೊನ್ನೆ ಗದರಿಸಿಕೊಂಡವನು ನಗುತ್ತಲೇ ಕೊಟ್ಟ. ಬೆಳಿಗ್ಗೆ ಏಳೂವರೆಗೆ ಅಳೆದೆ. ಕರೆಂಟು 4.7 ಆಂಪಿಯರ್, ಆರೂವರೆ ಇರಬೇಕಾದದ್ದು. ಸಿಕ್ಕಿಬಿದ್ದೆಯಾ ಎಂದು ರಾಡಿಗೆ ಹೇಳಿದೆ. ಆಮೇಲೆ ವೋಲ್ಟೇಜು ನೋಡಿದೆ. 165.

165ನ್ನು 4.7ರಿಂದ ಭಾಗಿಸಿದರೆ 35 ಓಮ್. ರಾಡು ಎಷ್ಟಿರಬೇಕೋ ಅಷ್ಟೇ ಇದೆ, ಎರಡೂ ಕಂಪೆನಿಯದ್ದು. 165ನ್ನು 4.7ರಿಂದ ಗುಣಿಸಿದರೆ 775 ವಾಟ್. ಸಾವಿರದೈನೂರಲ್ಲಿ ಅರ್ಧ! ವೋಲ್ಟೇಜು ಮುಕ್ಕಾಲಿಗೆ ಇಳಿದರೆ ಕರೆಂಟೂ ಮುಕ್ಕಾಲಿಗೆ ಇಳಿಯುತ್ತದೆ. ಮುಕ್ಕಾಲಿನ ಮುಕ್ಕಾಲು ಸುಮಾರು ಅರ್ಧ. ಇದನ್ನು ಎಷ್ಟು ಮಕ್ಕಳಿಗೆ ಹೇಳಿಕೊಟ್ಟಿಲ್ಲ ನಾನು! ಹೇಳಿಕೊಡುವಾಗೆಲ್ಲ ಬೋರ್ಡಿನ ಮೇಲೆ 230 ಎಂದು ಬರೆದುಕೊಂಡೇ ಶುರು ಮಾಡುತ್ತಿದ್ದೆ. ಸುಳ್ಯದಲ್ಲಿ ಹುಟ್ಟಿ ಸುಳ್ಯದಲ್ಲಿ ಬೆಳೆದವನು. ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೆ ತ್ರೀಫೇಸ್ ಬಂದ ಕೂಡಲೇ ಸುತ್ತಲಿನ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಎದ್ದು ನಮ್ಮ ಬಲ್ಬು ದಾಸವಾಳದ ಬಣ್ಣಕ್ಕೆ ತಿರುಗುವುದನ್ನು ದಿನಾ ನೋಡುವವನು. ನೋಡಿಯೂ 230 ಬರೆದೆ.

ಮೀಟರು ಇನ್ನು ಕೆಲವು ದಿನ ನನ್ನಲ್ಲೇ ಇರಲಿ ಎಂದು ಹೇಳಲು ಹೋಗಿ, ಗಿರಾಕಿಗಳ ಎದುರೇ, ತಪ್ಪು ನನ್ನದು ರಮೀಝ್ ಎಂದೆ.

"ಸರ್, ನಂಗೆ ಸಹ ಹೊಳಿಲಿಲ್ಲ. ಪರೀಕ್ಷೆಯಲ್ಲಿ ನೀವು ಯಾವಾಗಲೂ ಇನ್ನೂರ ಮೂವತ್ತೇ ಕೊಡ್ತಾ ಇದ್ರಿ ಅಲ್ವಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಮಾರ್ಚ್ 19, ಮಂಗಳವಾರ

ಪಂಪುಗಳು ಏಳುವ ಮೊದಲು ನಾನು ಎದ್ದೆ. ಐದು ಗಂಟೆಗೆ 228 ವೋಲ್ಟ್. ಆರಕ್ಕೆ ಹಂಡೆಯ ಬಾಯಿಂದ ಹಬೆ. ಪ್ಲಗ್ ಕಿತ್ತು, ಮುಚ್ಚಳ ಹಾಕಿ, ಸುತ್ತ ಗೋಣಿಚೀಲ ಹೊದೆಸಿದೆ. ಎಂಟಕ್ಕೆ ಚೆನ್ನು ಬಂದು ಕೈ ಅದ್ದಿ, "ಅಯ್ಯೋ!" ಎಂದು ಕೈ ಕೊಡವಿದಳು. ಅಷ್ಟು ಚೆಂದದ ಅಯ್ಯೋ ನಾನು ಕೇಳಿದ್ದಿಲ್ಲ.

ಮಾರ್ಚ್ 21, ಗುರುವಾರ

ಭವಿತಾಳ ಶೀತ ಇಳಿದಿದೆ. ಓಮ, ಕರಿಮೆಣಸು, ಬೆಲ್ಲದ ಕಷಾಯ ಇವತ್ತು ನಾನೇ ಕುದಿಸಿದೆ. ಪೂವಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಸಣ್ಣ ಉರಿ, ಸಣ್ಣ ಉರಿ ಎನ್ನುತ್ತಿದ್ದಳು. ಉರಿ ಸಣ್ಣದೇ ಇತ್ತು. ಬೆಳ್ಳುಳ್ಳಿ ಸುಲಿಯುವುದಕ್ಕೂ ಒಂದು ಉಪಾಯ ಇದೆ, ನೀರಲ್ಲಿ ಹಾಕಿಟ್ಟರೆ ಸಿಪ್ಪೆ ತಾನಾಗಿ ಬಿಡುತ್ತದೆ. ಇದನ್ನು ಅವಳು ಯಾಕೆ ಮೊದಲೇ ಹೇಳಲಿಲ್ಲವೋ. ನೀವು ಕೇಳಲಿಲ್ಲವಲ್ಲ ಎಂದಳು.

ಮಗುವಿನ ಬಟ್ಟೆ ಒಣಗಿಸಲು ತಾರಸಿಗೆ ನಾಲ್ಕು ಸಲ ಹತ್ತಿ ಇಳಿದೆ. ನಡುವೆ ಭವಿತಾ, "ಅಪ್ಪ, ಒಂದು ನಿಮಿಷ ಹಿಡ್ಕೊಳ್ಳಿ" ಎಂದು ಮಗುವನ್ನು ನನ್ನ ಮಡಿಲಿಗೆ ಹಾಕಿ ಹೋದವಳು ನಿದ್ದೆಯೇ ಹೋದಳು. ಎಚ್ಚರ ಮಾಡಲಿಲ್ಲ. ಮಗುವಿಗೆ ಒಂದು ಹುಬ್ಬು ಮಾತ್ರ ಮೇಲೇರಿಸಲು ಬರುತ್ತದೆ. ಪೂವಮ್ಮನದ್ದೇ.

ನೀರು ಈಗ ದಿನಾ ಸರಿಯಾಗುತ್ತಿದೆ. ಕುಸುಮಾವತಿ ಅಕ್ಕ ಬಂದು ನೋಡಲಿ ಎಂದು ಊಟದ ಹೊತ್ತಿಗೆ ಜಂಬದಿಂದ ಹೇಳಿದೆ. ಪೂವಮ್ಮ ಎಡಗೈಯಲ್ಲಿ ಚಮಚ ಹಿಡಿದು ಅನ್ನವನ್ನು ಅಟ್ಟಿಸಿಕೊಂಡು ಹೋಗುತ್ತಿದ್ದಳು.

"ನೀರು ನೀವು ಕಾಯಿಸಿದ್ರಿ. ಮೀಯಿಸುದು ಚೆನ್ನು. ನಾನು ಹೊರಗೆ ಕೂತು ಬಾಗಿಲು ಕಾಯುದು. ಅದಕ್ಕೆ ನಿಮ್ಮಲ್ಲಿ ಸೂತ್ರ ಉಂಟಾ?"

ಇಲ್ಲ. ಚಮಚ ತೆಗೆದುಕೊಂಡು ಎರಡು ತುತ್ತು ನಾನೇ ತಿನ್ನಿಸಿದೆ. ಭವಿತಾ ನೋಡಿದಳು. ಅವಳು ನೋಡಿದರೆ ಇವಳಿಗೆ ನಾಚಿಕೆ, ಬಾಯಿ ಮುಚ್ಚಿಕೊಂಡಳು.

ಮಾರ್ಚ್ 24, ಭಾನುವಾರ

ಇದನ್ನು ಸಮಾಧಾನದಲ್ಲಿ ಬರೆಯಬೇಕು.

ಐದಕ್ಕೆ ಎದ್ದು ಸ್ವಿಚ್ ಹಾಕಿದರೆ ರಾಡಿನ ಕೆಂಪು ದೀಪ ಹತ್ತಲಿಲ್ಲ. ಬೆಳಗಿನ ಜಾವದ ಗಾಳಿಗೆ ಎಲ್ಲೋ ಲೈನಿನ ಮೇಲೆ ಮರದ ಗೆಲ್ಲು ಬಿದ್ದಿದೆ, ಮಧ್ಯಾಹ್ನದ ತನಕ ಆಸೆ ಬೇಡ ಎಂದರು ಕರೆಂಟಾಫೀಸಿನವರು. ವೋಲ್ಟ್ ಸೊನ್ನೆ, ಆಂಪಿಯರ್ ಸೊನ್ನೆ. ಗುಣಿಸಿದರೆ ಎಷ್ಟೆಂದು ಒಂದನೇ ಕ್ಲಾಸಿನವನೂ ಹೇಳುತ್ತಾನೆ. ಚೆನ್ನು ನೆಂಟರ ಮದುವೆಗೆಂದು ನಿನ್ನೆಯೇ ಬೆಳ್ಳಾರೆಗೆ ಹೋಗಿದ್ದಾಳೆ. ಎಂಟು ಗಂಟೆಗೆ ಕೋಡಿಂಬಾಳದ ಕಾರು.

ಗ್ಯಾಸಿನ ಎರಡು ಒಲೆಯ ಮೇಲೂ ನೀರಿಟ್ಟೆ. ಅನ್ನದ ಪಾತ್ರೆ, ಇಡ್ಲಿ ಬೇಯಿಸುವ ಅಟ್ಟಿ, ಕುಕ್ಕರು, ಹಾಲಿನ ಪಾತ್ರೆ, ಸಿಕ್ಕಿದ್ದರಲ್ಲೆಲ್ಲ ಕಾಯಿಸಿ ಕಾಯಿಸಿ ಹಂಡೆಗೆ ಹೊಯ್ಯುವುದು. ಇದನ್ನು ಹೊಯ್ದು ಬರುವಾಗ ಮೊದಲು ಹೊಯ್ದದ್ದು ಆರಿರುತ್ತಿತ್ತು. ಮಗು ಅತ್ತಿತು, ಎಡತೋಳಿನ ಮೇಲೆ ಹಾಕಿಕೊಂಡು ಬಲಗೈಯಲ್ಲಿ ಮುಚ್ಚಳ ತೆಗೆದು ನೋಡುತ್ತಿದ್ದೆ. ಹೀಗಿರುವಾಗ ಬಾಗಿಲಲ್ಲಿ ಕುಸುಮಾವತಿ ಅಕ್ಕ.

"ಎಂತ ಮಾಸ್ಟ್ರೆ, ಹೋಟೆಲು ಶುರು ಮಾಡಿದ್ದಾ?"

ನನಗೆ ನಗು ಬರಲಿಲ್ಲ. "ಅಕ್ಕ, ನಾಲ್ಕೈದು ದಿನ ನೀರು ಸರಿ ಇತ್ತು, ಭವಿತಾಳನ್ನೇ ಕೇಳಿ. ಇವತ್ತು ಕರೆಂಟಿಲ್ಲ, ಚೆನ್ನು ಇಲ್ಲ, ಇವಳ ಕೈ ಇಲ್ಲ. ನನ್ನ ಕೈಯಲ್ಲಿ ಇಷ್ಟೇ ಆಗುದು. ನೀವು ಕರ್ಕೊಂಡು ಹೋದ್ರೆ ತಾಯಿ ಮಗುವಿಗೆ ಒಳ್ಳೆಯದೇ. ನಾನು ಹಟ ಮಾಡುದಿಲ್ಲ."

ಪೂವಮ್ಮ ಕೇಳಿಸಿಕೊಂಡಳು. ಅವಳು ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಕೋಣೆಗೆ ಹೋಗಿ ಭವಿತಾಳ ಬಟ್ಟೆಗಳನ್ನು ಒಂದೊಂದಾಗಿ ಎಡಗೈಯಲ್ಲಿ ಎತ್ತಿ ಬ್ಯಾಗಿಗೆ ಹಾಕತೊಡಗಿದಳು. ಮಡಚಲು ಆಗುತ್ತಿರಲಿಲ್ಲ, ಮೊಣಕೈಯಿಂದ ಒತ್ತಿ ಹೇಗೋ ಮಡಚಿದಳು. ಹೇಳಿದ ಮಾತನ್ನು ವಾಪಸು ತೆಗೆದುಕೊಳ್ಳುವ ದಾರಿ ಇದ್ದಿದ್ದರೆ ತೆಗೆದುಕೊಳ್ಳುತ್ತಿದ್ದೆ.

ಭವಿತಾ ಎದ್ದು ಬಂದು ಅತ್ತೆಯ ಎದುರು ನಿಂತಳು.

"ಅತ್ತೆ, ನಾನು ಬರ್ತೇನೆ. ನೀವು ಚೆಂದ ನೋಡ್ಕೊಳ್ತೀರಿ, ನಂಗೆ ಗೊತ್ತುಂಟು. ಆದ್ರೆ ಒಂದು ಸಲ ಅಮ್ಮನ ಕೈಯಿಂದ ಮಿಂದು ಬರ್ತೇನೆ. ಎಡಗೈ ಆದ್ರೂ ಸಾಕು. ನೀರು ತಣ್ಣಗೆ ಇದ್ರೂ ಅಡ್ಡಿ ಇಲ್ಲ."

ಅಕ್ಕ ಅಡಿಗೆಮನೆಯ ಸ್ಟೂಲಿನ ಮೇಲೆ ಕುಳಿತು ಕೈಯಲ್ಲಿದ್ದ ತಮ್ಮ ಬ್ಯಾಗನ್ನು ಕೆಳಗಿಟ್ಟರು.

"ನಂಗೆ ಮೂರೂ ಗಂಡು, ಪೂವಮ್ಮ. ಒಬ್ಬಳು ಮಗಳನ್ನು ಕೂರಿಸಿ ಮೀಯಿಸ್ಬೇಕು ಹೇಳಿ ಆಸೆ ನಂಗೆ ಸಹ ಇರುದಿಲ್ವಾ? ಹೋದ ವಾರ ನೀರು ತಣ್ಣಗೆ ಉಂಟು ಹೇಳುವಾಗ ನಂಗೆ ಒಳಗಿಂದೊಳಗೆ ಖುಷಿಯೇ ಆಯ್ತು. ದೇವರು ಮೆಚ್ಚುದಿಲ್ಲ. ಆದ್ರೆ ಆದದ್ದು ಹೌದು."

ಕುಕ್ಕರಿನ ನೀರು ಮರಳುತ್ತಿತ್ತು. ಆರಿಸಬೇಕೆಂದು ಯಾರಿಗೂ ತೋಚಲಿಲ್ಲ. ಪೂವಮ್ಮ ಕೋಣೆಯಿಂದ ಹೊರಗೆ ಬಂದಳು, ಮಗಳ ನೈಟಿಯೊಂದು ಹೆಗಲ ಮೇಲೆ ಹಾಗೇ ಇತ್ತು.

"ಹಾಗಾದ್ರೆ ನೀವು ಇಲ್ಲೇ ನಿಲ್ಲಿ ಅಕ್ಕ. ನನ್ನ ಬಲಗೈ ಇಲ್ಲ. ನಿಮ್ಮದು ಉಂಟಲ್ಲ."

ಇಷ್ಟು ವರ್ಷ ಒಬ್ಬಳೇ ಇಟ್ಟುಕೊಂಡಿದ್ದ ಆಸೆಯಲ್ಲಿ ಅರ್ಧವನ್ನು ಅಡಿಗೆಮನೆಯ ನಡುವೆ ನಿಂತು ಹಾಗೆ ಎತ್ತಿ ಕೊಟ್ಟುಬಿಟ್ಟಳು. ನಾನು ಕಟ್ಟಿಕೊಂಡದ್ದು ಎಂಥವಳನ್ನು ಎಂದು ನನಗೇ ಗೊತ್ತಿರಲಿಲ್ಲ.

ಅಕ್ಕ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ರೂಪೇಶನಿಗೆ, "ನೀನು ಹೋಗು. ನನ್ನ ನಾಲ್ಕು ಸೀರೆ ತಂದು ಕೊಡು" ಎಂದರು. ನನಗೆ, "ಮಾಸ್ಟ್ರೆ, ನೋಡುದೆಂತ? ನೀರು ತನ್ನಿ" ಎಂದರು. ಬಚ್ಚಲ ಬಾಗಿಲಿನವರೆಗೆ ಮರಳುವ ನೀರು ಸಾಗಿಸಿದೆ, ಪಾತ್ರೆಯ ಮೇಲೆ ಪಾತ್ರೆ. ಹಂಡೆಯ ಗೊಡವೆಯೇ ಇಲ್ಲ, ಬಕೆಟಿನಲ್ಲಿ ಬೆರೆಸಿ ಅಲ್ಲಿಂದಲ್ಲೇ ಹೊಯ್ದುಕೊಂಡರು. ಒಳಗಿನಿಂದ ಮೂವರ ನಗು ಕೇಳಿಸಿತು. ಪೂವಮ್ಮ ಎಡಗೈಯಲ್ಲಿ ಎತ್ತಿದ ಮೊದಲ ಚೆಂಬು ನೀರು ಅಕ್ಕನ ತಲೆಯ ಮೇಲೆ ಹೋಯಿತಂತೆ.

ಮಾರ್ಚ್ 25, ಸೋಮವಾರ

ಕರೆಂಟು ನಿನ್ನೆ ಸಂಜೆಯೇ ಬಂದಿದೆ. ಬೆಳಿಗ್ಗೆ ವೋಲ್ಟೇಜು ಎಷ್ಟಿತ್ತೋ, ನೋಡಲು ಮರೆತೆ. ನೀರು ಕಾದಿತ್ತು.

ಪ್ಲಾಸ್ಟರಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿಕೊಟ್ಟೆ. ಮಗುವನ್ನು ನನ್ನ ತೋಳಿಗೆ ಹಾಕಿ ಮೂವರೂ ಬಚ್ಚಲ ಬಾಗಿಲು ಮುಚ್ಚಿಕೊಂಡರು. ಇವತ್ತು ಅಕ್ಕ ಎಣ್ಣೆ ಹಚ್ಚಿದರಂತೆ, ನೀರು ಪೂರ್ತಿ ಪೂವಮ್ಮನದ್ದೇ. ಕೆಲಸ ಮುಗಿಸಿ ಹೊರಗೆ ಬಂದಾಗ ತಲೆಯಿಂದ ಕಾಲಿನವರೆಗೆ ಒದ್ದೆಯಾಗಿದ್ದಳು, ಮುಖ ಕೆಂಪಾಗಿತ್ತು.

ನೀರು ಸರಿ ಇತ್ತಾ ಎಂದು ಕೇಳಿದೆ.

"ನೀರಾ?" ಎಂದಳು, ಬೇರೇನೋ ನೆನಪಿನಲ್ಲಿದ್ದವಳ ಹಾಗೆ. ಆಮೇಲೆ ಒದ್ದೆ ಎಡಗೈಯಲ್ಲಿ ನನ್ನ ಮೊಣಕೈ ಹಿಡಿದುಕೊಂಡಳು.

"ಅವಳ ಬೆನ್ನಿನಲ್ಲಿ ಆ ಮಚ್ಚೆ ಇನ್ನೂ ಹಾಗೇ ಉಂಟು ಮಾರಾಯ್ರೆ. ಸಣ್ಣದಿರುವಾಗ ಇದ್ದ ಜಾಗದಲ್ಲೇ."